ಬಂದೆ ಅಂದದ್ದು ಯಾರು

“ನಿಮಗಿಂತ ನಿಮ್ಮ ದನಿನೇ ಚಲೋ ಐತಿ! ಅದಾದ್ರೂ ಕರದ ಕೂಡ್ಲೇ ಬರ್ತೈತಿ. ನೀವು ಬರೂದೂ ಇಲ್ಲ, ಹೋಗೂದೂ ಇಲ್ಲ. ಕಲ್ಲಿನಂಗ ಕುಂತೀರಿ!”

ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಗಂಡನ ಮೈಮೇಲೆ ಎಸೆದು ನಾನು ಹೀಗೆ ಕೂಗಿದೆ. ಅಂಗಿ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಬನಿಯನ್ನಿನಲ್ಲಿ ಮಂಚದ ತುದಿಗೆ ಕೂತಿದ್ದ ಅವರು ಅದನ್ನು ಬಗ್ಗಿ ಎತ್ತಿಕೊಳ್ಳಲಿಲ್ಲ.

“ಸಾವಂತ್ರಿ, ಹಂಗ ಅನಬ್ಯಾಡ,” ಅಂದರು. “ಅದು ಕೇಳ್ತೈತಿ.”

“ಕೇಳ್ಲಿ! ಅದಕ್ಕೂ ಒಂದು ಅಂಗಿ ಹೊಲಸ್ತೀನಿ. ಅದನ್ನೇ ಇಂಟರ್‌ವ್ಯೂಗೆ ಕಳಸ್ತೀನಿ.”

“ಅದು ಆಗ್ಲೇ ಹೋಗಿ ಬಂದೈತಿ.”

ಪಣಜಿಯಲ್ಲಿ ಅವತ್ತು ಅವರಿಗೆ ಕಾಯಂ ಲೆಕ್ಚರರ್ ಹುದ್ದೆಯ ಇಂಟರ್‌ವ್ಯೂ ಇತ್ತು. ಇದು ತಪ್ಪಿದರೆ ಮುಂದಿನ ಸಲಕ್ಕೆ ವಯಸ್ಸು ದಾಟಿಬಿಡುತ್ತಿತ್ತು. ನಮ್ಮ ಪರ್ವರಿಯ ಮನೆಯಿಂದ ಬಸ್ಸು ಹಿಡಿದು ಹೊಳೆಯ ಸೇತುವೆ ದಾಟಿದರೆ ಪಣಜಿ. ಅಷ್ಟು ಹತ್ತಿರ. ಅಷ್ಟು ಹತ್ತಿರ ಹೋಗಲು ಈ ಮನುಷ್ಯ ಒಲ್ಲೆ ಅನ್ನುತ್ತಿದ್ದರು. ಯಾಕೆ ಒಲ್ಲೆ ಅಂದರು ಎಂಬುದನ್ನು ಹೇಳದೆ ಈ ಜಗಳ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ನನ್ನ ಗಂಡನ ಹೆಸರು ಹುಲಿಗೆಪ್ಪ. ಬರೆಯಲು ಅಡ್ಡಿಯಿಲ್ಲ ಎಂದು ಬರೆಯುತ್ತಿದ್ದೇನೆ. ಹೆಂಡತಿ ಬಾಯಿಬಿಟ್ಟು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಬಾದಾಮಿ ಕಡೆ ನಂಬುತ್ತಾರೆ. ನಗುವವರು ನಗಲಿ. ನಾನೂ ನಂಬುತ್ತೇನೆ. ಮದುವೆಯ ದಿನ ಒಡಪು ಹಾಕಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ನಾಲಿಗೆಗೆ ತಂದಿರಲಿಲ್ಲ. ಹೊಸ ಸೊಸೆ ಹೊಸ್ತಿಲಿಗೆ ಬಂದಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. “ಹೆಸರು ಹೇಳು, ಒಳಗ ಬಾ” ಎಂದು ಕಾಡುತ್ತಾರೆ. ಸುಮ್ಮನೆ ಹೆಸರು ಹೇಳುವಂತಿಲ್ಲ, ಪ್ರಾಸ ಕಟ್ಟಿ ನಡುವೆ ಹೆಸರು ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ನಾನು ಹೇಳಿದ್ದು ಹೀಗೆ: “ಬಿಳಿಜೋಳದ ರೊಟ್ಟಿ ಮ್ಯಾಲ ಬೆಣ್ಣಿ ಇಟ್ಟೀನಿ, ಹುಲಿಗೆಪ್ಪನ ಕೈ ಹಿಡದು ಹೊಸ್ತಿಲಾ ಮೆಟ್ಟೀನಿ.” ಅವತ್ತು ಅವರು ಪಕ್ಕದಲ್ಲಿ ನಿಂತು ಕಿವಿಯವರೆಗೂ ನಕ್ಕಿದ್ದರು. ಆ ನಗು ನನಗೆ ಇನ್ನೂ ನೆನಪಿದೆ.

ಮಾವ ವಾಸ್ಕೋ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದರು. ಮಗ ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಕಾಲೇಜು ಮುಗಿಸಿ, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದರು. “ತತ್ವಶಾಸ್ತ್ರ ಯಾಕ ಹಿಡದ್ರಿ?” ಎಂದು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. “ಬ್ಯಾರೆ ಕಡೆ ಸೀಟು ತುಂಬಿದ್ದುವು,” ಅಂದಿದ್ದರು. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ. ಆದರೂ ಸೀಟು ಸಿಕ್ಕಿತೆಂದು ಒಳಹೊಕ್ಕ ಮನುಷ್ಯ ಆಮೇಲೆ ಅದರಲ್ಲೇ ಮುಳುಗಿಹೋದದ್ದು ನನಗೆ ಕಾಣುತ್ತಿತ್ತು. ಕೆಪೆಯ ಕಾಲೇಜಿನಲ್ಲಿ ಕೆಲವು ವರ್ಷ, ವಾಳಪೈಯಲ್ಲಿ ಕೆಲವು ವರ್ಷ, ಆಮೇಲೆ ಪಣಜಿ. ಎಲ್ಲಾ ಕಡೆಯೂ ಗುತ್ತಿಗೆ. ಜೂನಿನಲ್ಲಿ ಕರೆಯುತ್ತಿದ್ದರು, ಏಪ್ರಿಲಿನಲ್ಲಿ ಬಿಡುತ್ತಿದ್ದರು. ಬೇಸಿಗೆಯಲ್ಲಿ ಮನೆಯಲ್ಲಿ ಕೂತು ಓದುತ್ತಿದ್ದರು. ನಾನು ರೊಟ್ಟಿ ಬಡಿದು ಕಟ್ಟಡ ಕೆಲಸದ ನಮ್ಮ ಕಡೆಯ ಜನಕ್ಕೆ ಕೊಡುತ್ತಿದ್ದೆ. ಮನೆ ನಡೆಯುತ್ತಿತ್ತು. ಮಗಳ ಮದುವೆಯೂ ಆಯಿತು.

ಪಾಠ ಚಲೋ ಮಾಡುತ್ತಿದ್ದರು. ಹುಡುಗರು ಅವರನ್ನು “ವಾಗ್ ಸರ್” ಅನ್ನುತ್ತಿದ್ದರು. ಕೊಂಕಣಿಯಲ್ಲಿ ವಾಗ್ ಅಂದರೆ ಹುಲಿ. ಇಲಿಯಂಥ ಮನುಷ್ಯನಿಗೆ ಆ ಹೆಸರು. ಅವರೂ ನಗುತ್ತಿದ್ದರು.

ಪಿಎಚ್‌ಡಿಗೆ ಅವರು ಹಿಡಿದದ್ದು ನನ್ನ ಅಡುಗೆಮನೆಯಲ್ಲಿ ಸಿಕ್ಕ ವಿಷಯ. ನಾನು ಊಟಕ್ಕೆ “ರೀ!” ಎಂದು ಕರೆಯುತ್ತಿದ್ದೆ. ಅವರು ಒಳಗಿನಿಂದ “ಬಂದೆ” ಅನ್ನುತ್ತಿದ್ದರು. ಬರುತ್ತಿರಲಿಲ್ಲ. ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು. ನಾನು ಹಂಚಿಗೆ ಸೌಟು ಕುಟ್ಟಿ ಬೈಯುತ್ತಿದ್ದೆ. ಒಂದು ದಿನ ಅವರು ಕಣ್ಣರಳಿಸಿಕೊಂಡು ಬಂದರು.

“ಸಾವಂತ್ರಿ, ನಾ ಇನ್ನೂ ಖುರ್ಚಿ ಬಿಟ್ಟು ಎದ್ದೇ ಇಲ್ಲ. ‘ಬಂದೆ’ ಅಂತೀನಿ. ‘ಬರ್ತೀನಿ’ ಅನ್ನೂದಿಲ್ಲ. ಬಂದು ಮುಗದಂಗ ಮಾತಾಡ್ತೀನಿ. ಹಂಗಾರ ಆಗ ಬಂದವನು ಯಾರು?”

“ಸುಳ್ಳಬುರುಕ ಬಂದ. ಕುಂದರ್ರಿ, ಉಣ್ರಿ.”

“ಅಲ್ಲ ಕೇಳಿಲ್ಲಿ. ಕೊಂಕಣ್ಯಾಗ ‘ಆಯ್ಲೊಂ’ ಅಂತಾರ. ಹಿಂದಿಯಾಗ ‘ಆಯಾ’ ಅಂತಾರ. ಎಲ್ಲಾರೂ ಕುಂತಲ್ಲೇ ಕುಂತು ಬಂದುಬಿಟ್ಟಿರ್ತಾರ. ಇಂಗ್ಲಿಷಿನಾಗ ಹಿಂಗಿಲ್ಲ. ಅದಕ್ಕ ಇದನ್ನ ಯಾರೂ ಬರದಿಲ್ಲ. ಮಾತು ಮೊದಲ ಬರ್ತೈತಿ, ಮನುಷ್ಯಾ ಹಿಂದಿಂದ ಬರ್ತಾನ. ನಡುವ ಒಂದು ಸಂದು ಇರ್ತೈತಿ. ಆ ಸಂದಿನಾಗ ಏನೈತಿ?”

“ಆರಿದ ರೊಟ್ಟಿ ಐತಿ,” ಅಂದೆ.

ಅವರು ಆ ಸಂದನ್ನೇ ಹಿಡಿದು ಕೂತರು. ವರ್ಷಗಟ್ಟಲೆ. ಗೈಡ್ ಬೇರೆ ವಿಷಯ ತಗೊಳ್ಳಿ ಅಂದರೂ ಬಿಡಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಯಾರನ್ನಾದರೂ ಕರೆದಾಗ ಕರೆಸಿಕೊಂಡವರು ಏನು ಉತ್ತರ ಕೊಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ನಿಂತು ಕೇಳುತ್ತಿದ್ದರು. ಮನೆಯಲ್ಲಿ ತಾವೇ ಖುರ್ಚಿಯಲ್ಲಿ ಕೂತು “ಬಂದೆ” ಅಂದು, ಅಲ್ಲಾಡದೆ, ಕಿವಿ ಕೊಟ್ಟು ಕಾಯುತ್ತಿದ್ದರು. ಮತ್ತೆ “ಬಂದೆ” ಅನ್ನುತ್ತಿದ್ದರು. ಮತ್ತೆ ಕಾಯುತ್ತಿದ್ದರು. ನೋಡಿದರೆ ಮೈ ಉರಿಯುತ್ತಿತ್ತು ನನಗೆ.

ಮೊದಲ ಸಲ ಅದು ಆದದ್ದು ನಡುಮಧ್ಯಾಹ್ನ. ನಾನು ರೊಟ್ಟಿ ಬಡಿಯುತ್ತಿದ್ದೆ. ಗೇಟಿನ ಚಿಲಕ ಸರಿಯಿತು. ಚಿರೆಕಲ್ಲಿನ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾಯಿತು. ಎಡಗಾಲನ್ನು ಸ್ವಲ್ಪ ಎಳೆಯುವ ಅದೇ ಸದ್ದು. ಚಪ್ಪಲಿ ಬಿಟ್ಟದ್ದು, ಒಳಕೋಣೆಗೆ ಹೋದದ್ದು, ಖುರ್ಚಿ ಕಿರುಗುಟ್ಟಿದ್ದು ಎಲ್ಲಾ ಕೇಳಿತು. “ರೀ, ಉಣ್ಣಾಕ ಬರ್ರಿ” ಅಂದೆ.

“ಬಂದೆ,” ಅಂದರು.

ತಾಟು ಹಚ್ಚಿದೆ. ಬರಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಬಿಟ್ಟು ಜಗಳಕ್ಕೇ ಎದ್ದು ಹೋದೆ. ಕೋಣೆ ಖಾಲಿ. ಖುರ್ಚಿಯ ಮೇಲೆ ನಾನೇ ಬೆಳಿಗ್ಗೆ ಮಡಚಿಟ್ಟ ಚಾದರ ಹಾಗೇ ಇತ್ತು. ಹೊರಗೆ ಬಂದರೆ ಚಪ್ಪಲಿ ಇಲ್ಲ, ಗೇಟಿನ ಚಿಲಕ ಹಾಕಿದಂತೇ ಇತ್ತು. ಪಕ್ಕದ ಮನೆಯ ಹಜರತಬಿ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಯಾಕವಾ ಸಾವಂತ್ರಿ? ನಿಮ್ಮ ಯಜಮಾನ್ರು ಈಗ ಬಂದ್ರಲ್ಲ, ಮತ್ಯಾರನ್ನ ಹುಡಕ್ತಿ?”

“ನೀ ನೋಡಿದ್ಯೇನು?”

“ನೋಡೂದೇನು, ಕಾಲ ಸಪ್ಪಳ ಕೇಳ್ತಲ್ಲ,” ಅಂದವಳು ತಲೆಯೆತ್ತಿ ನಮ್ಮ ಗೇಟು ನೋಡಿದಳು. ಚಿಲಕ ನೋಡಿದಳು. ಅಕ್ಕಿಯ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಅವರು ಬಂದರು. ಚಿಲಕ, ಎಳೆಯುವ ಕಾಲು, ಖುರ್ಚಿ. ಹಿಂದೆ ಕೇಳಿದ್ದೆಲ್ಲಾ ಅದೇ ಕ್ರಮದಲ್ಲಿ. ಫ್ಲೈಓವರ್ ಕೆಲಸಕ್ಕೆ ರಸ್ತೆ ಅಗೆದು ಬಸ್ಸು ತಡವಾಯಿತು ಅಂದರು. ನಾನು ನಡೆದದ್ದು ಹೇಳಿದೆ. ಹೆದರಲಿಲ್ಲ ಅವರು. ಪಾಸಾದ ಹುಡುಗನ ಹಾಗೆ ಕುಣಿದರು.

“ನಾ ಬಸ್ಸಿನಾಗ ಕುಂತು ಅದನ್ನೇ ನೆನಸಾಕತ್ತಿದ್ದೆ! ಮನಿಗೆ ಬಂದೆ, ಬಂದೆ ಅಂತ. ಸಾವಂತ್ರಿ, ನನ್ನ ಮಾತು ಖರೇ ಐತಿ!”

“ಯಾವುದಾರ ಮಠಕ್ಕ ಹೋಗಿ ತಾಯಿತ ಕಟ್ಟಿಸ್ಕೊರಿ,” ಅಂದೆ.

ಆಮೇಲೆ ಅದು ದಿನಾ ಬರತೊಡಗಿತು. ಮೊದಮೊದಲು ಅವರಿಗಿಂತ ಸ್ವಲ್ಪ ಮುಂಚೆ. ಆಮೇಲೆ ನಾನು ಹಿಟ್ಟು ನಾದುವ ಹೊತ್ತಿಗೇ. ಆಮೇಲೆ ಅವರು ಕಾಲೇಜಿಗೆ ಹೊರಟ ಬೆನ್ನಿಗೇ. ಅವರ ಬಸ್ಸು ಸೇತುವೆ ದಾಟಿರುತ್ತಿರಲಿಲ್ಲ, ಒಳಗೆ ಖುರ್ಚಿ ಕಿರುಗುಟ್ಟುತ್ತಿತ್ತು. ನಾನು ಕರೆದರೆ “ಬಂದೆ” ಅನ್ನುತ್ತಿತ್ತು. ಕರೆಯದಿದ್ದರೆ ಸುಮ್ಮನಿರುತ್ತಿತ್ತು. ಅದಕ್ಕೆ ನಾನು ಕರೆಯುವುದು ಬಿಟ್ಟೆ. ಆದರೆ ರೂಢಿ ಎಂಥದ್ದು ನೋಡಿ, ರೊಟ್ಟಿ ಉಬ್ಬಿದ ಕೂಡಲೇ ಬಾಯಿ ತಾನಾಗಿ “ರೀ” ಅಂದುಬಿಡುತ್ತಿತ್ತು.

ಒಂದು ದಿನ ಅದು ಕರೆಯದೆಯೇ ಮಾತಾಡಿತು. ನಾನು ಬೇಳೆ ಬೇಯಲು ಇಟ್ಟಿದ್ದೆ. ಉಪ್ಪು ಇನ್ನೂ ಹಾಕಿರಲಿಲ್ಲ.

“ಸಾರಿಗೆ ಉಪ್ಪು ಕಡಿಮಿ ಆಗೇತಿ,” ಅಂತ ಕೋಣೆಯಿಂದ ಅವರ ದನಿ.

ಭಯಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಬೇಯುವ ಮೊದಲೇ ಹೆಸರಿಡುತ್ತದೆಯೇ ಇದು? ಮುಷ್ಟಿ ತುಂಬ ಉಪ್ಪು ತೆಗೆದು ಗಡಿಗೆಗೆ ಸುರಿದೆ. ಮಧ್ಯಾಹ್ನ ಅವರು ಬಂದು ಕೂತರು. ಸಾರು ಬಾಯಿಗಿಟ್ಟರು. ಮುಖ ಕಿವುಚಿತು, ಕಣ್ಣಲ್ಲಿ ನೀರು ಬಂತು, ಬಾಯಲ್ಲಿಟ್ಟದ್ದನ್ನು ನುಂಗಲಾಗದೆ ಒದ್ದಾಡಿದರು. ಆಮೇಲೆ ಅಂದರು: “ಸಾರಿಗೆ ಉಪ್ಪು ಕಡಿಮಿ ಆಗೇತಿ.”

ನಾನು ನಕ್ಕೆ. ಅವರು ನಗಲಿಲ್ಲ. ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು.

“ನನಗ ಹಂಗ ಅನಬೇಕಂತ ಇರಲಿಲ್ಲ, ಸಾವಂತ್ರಿ,” ಅಂದರು. “ಬಾಯಾಗ ಅದೇ ಬಂತು. ಮೊದಲ ಯಾರೋ ಅಂದಿಟ್ಟಂಗ.”

ಅವತ್ತಿನಿಂದ ಅವರ ಕುಣಿತ ನಿಂತಿತು.

ಮಳೆಗಾಲ ಮುಗಿದ ಮೇಲೆ ಕಾಲೇಜಿನಲ್ಲೂ ಶುರುವಾಯಿತು. ಅವತ್ತು ಅವರು ಬೇಗ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟರು, ಒಳಗೆ ಬರಲಿಲ್ಲ. ಒಳಗೆ ಅದು ಇತ್ತು. ಆಗಲೇ ಬಂದು ಕೂತಿತ್ತು. ನಾನು ಅವರಿಗೆ ನೀರು ಕೊಟ್ಟು ಪಕ್ಕದಲ್ಲಿ ಕೂತೆ.

“ಕ್ಲಾಸಿಗೆ ಹೋದೆ,” ಅಂದರು. “ಹುಡುಗರು ತಲಿ ತಗ್ಗಿಸಿ ಬರ್ಕೊಳ್ಳಾಕತ್ತಿದ್ರು. ನಾ ಇನ್ನೂ ಬಾಗಲದಾಗ ಇದ್ದೀನಿ. ಬೋರ್ಡಿನ ಮುಂದ ಹೋಗಿ ನಿಂತು, ಪಾಠದ ಮೊದಲನೇ ಮಾತು ಅಂದೆ. ಒಬ್ಬ ಹುಡುಗಿ ‘ಸರ್, ಹೆಂ ಜಾಲಾಂ’ ಅಂದ್ಲು. ಇದು ಆಗಿಹೋತು ಅಂತ. ಎಲ್ಲಾರೂ ನಕ್ರು. ನಾ ಪಾಠ ಮೊಬೈಲಿನಾಗ ರೆಕಾರ್ಡ್ ಮಾಡಿ ಎಲ್ಲೋ ಹಚ್ಚಿಟ್ಟೀನಿ ಅಂದ್ಕೊಂಡಾರ ಅವರು. ‘ಇವತ್ತಿಂದು ಭಾಳ ಚಲೋ ಆತ್ರಿ ಸರ್’ ಅಂದ್ರು.”

“ನೀವು ಏನ ಮಾಡಿದ್ರಿ?”

“ಏನ ಮಾಡ್ಲಿ? ಹಾಜರಿ ತಗೊಂಡೆ. ಅದೊಂದು ಅದು ತಗೊಂಡಿರಲಿಲ್ಲ.”

ಅವರ ಸ್ವಂತ ದನಿ ತೆಳ್ಳಗಾಗತೊಡಗಿತು. ಮಾತಾಡಿದರೆ ಆ ಮಾತನ್ನು ಬೆಳಿಗ್ಗೆಯೇ ಕೇಳಿದ್ದೆ ಅನ್ನಿಸುತ್ತಿತ್ತು, ಬಹಳ ಸಲ ಖರೇ ಕೇಳಿರುತ್ತಿದ್ದೆ. ಕೋಣೆಯ ದನಿ ಮಾತ್ರ ತುಂಬಿಕೊಂಡಿತು. ಮದುವೆಯಾದ ಹೊಸತರಲ್ಲಿ ಅವರಿಗೆ ಇದ್ದ ದನಿ ಅದು. ಅವರು ಪುಸ್ತಕ ಮುಚ್ಚಿಟ್ಟರು, ಸಂಶೋಧನೆಯ ಕಾಗದವನ್ನೆಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿದರು. “ಆ ಸಂದಿನಾಗ ಏನೈತಿ ಅಂತ ಕೇಳಬಾರದಿತ್ತು,” ಅಂದರು ಒಮ್ಮೆ. “ಖಾಲಿ ಇತ್ತು ಅದು. ನಾ ದಿನಾ ಕುಂತು ಕರದೆ, ಅಲ್ಲೇ ಒಂದು ಬಂದು ಕುಂತ್ಕೊಂತು.”

ಇನ್ನು ಇಂಟರ್‌ವ್ಯೂ ದಿನ.

ಬೆಳಿಗ್ಗೆ ಅವರು ಹಿತ್ತಲ ಬಚ್ಚಲಿಗೆ ಹೋಗಿದ್ದರು. ನೀರು ಹೊಯ್ದುಕೊಳ್ಳುವ ಸದ್ದು ನನಗೆ ಸರಿಯಾಗಿ ಕೇಳುತ್ತಿತ್ತು. ಆಗಲೇ ಒಳಕೋಣೆಯಲ್ಲಿ ಇಂಗ್ಲಿಷ್ ಶುರುವಾಯಿತು. ಅವರ ದನಿ. ಸ್ವಲ್ಪ ಹೊತ್ತು ಮಾತು, ಸ್ವಲ್ಪ ಹೊತ್ತು ಸುಮ್ಮನೆ, ಯಾರೋ ಏನೋ ಕೇಳಿದ ಹಾಗೆ. ಮತ್ತೆ ಮಾತು. ತಡವರಿಸಲಿಲ್ಲ, ಒಂದು ಸಲವೂ. ನಡುವೆ ನಯವಾಗಿ ನಕ್ಕಿತು. ಕಡೆಗೆ “ಥ್ಯಾಂಕ್ಯೂ” ಅಂದು ಖುರ್ಚಿ ಹಿಂದಕ್ಕೆ ಸರಿಸಿತು. ನನ್ನ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು.

ತಿರುಗಿ ನೋಡಿದರೆ ಅವರು ಒದ್ದೆ ತಲೆಯಲ್ಲಿ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಬಂದು ಮಂಚದ ತುದಿಗೆ ಕೂತರು.

“ಮುಗೀತು,” ಅಂದರು.

“ಏನ ಮುಗೀತು? ಎದ್ದೇಳ್ರಿ. ಬಸ್ಸು ಹೋಗ್ತೈತಿ.”

“ನಾ ಕೊಡೂ ಉತ್ತರಕ್ಕಿಂತ ಚಲೋ ಉತ್ತರ ಕೊಡ್ತು, ಸಾವಂತ್ರಿ. ನೌಕರಿ ಕೊಡ್ತಾರ ಅದಕ್ಕ.”

“ಕೊಡ್ಲಿ ಬಿಡ್ರಿ! ನೀವು ಹೋಗಿ ಅದನ್ನೇ ಹೇಳಿ ಬರ್ರಿ. ಇಷ್ಟು ವರ್ಷ ಇದಕ್ಕಾಗೇ ಅಲ್ಲೇನು ಮಣ್ಣು ಹೊತ್ತಿದ್ದು?”

“ಹೇಳೂದು ನಾ ಅಲ್ಲ. ಇವತ್ತು ಹೋಗಿ ಅಲ್ಲಿ ಬಾಯಿ ತಗದ್ರ, ಮುಂದ ಯಾವತ್ತೂ ನನ್ನ ಬಾಯಿ ನಂದಲ್ಲ.”

ಆಗಲೇ ನಾನು ಅಂಗಿ ಎಸೆದದ್ದು. ಆಗಲೇ ನಿಮಗಿಂತ ನಿಮ್ಮ ದನಿನೇ ಚಲೋ ಅಂದದ್ದು.

ನಾನು ಸಿಟ್ಟಿನಲ್ಲಿ ಆಡಿದ ಮಾತಿಗೆ ಅವರು ಎಂದೂ ಬೇಜಾರು ಮಾಡಿಕೊಂಡವರಲ್ಲ. ಅವತ್ತೂ ಮಾಡಿಕೊಳ್ಳಲಿಲ್ಲ. ನಿಧಾನಕ್ಕೆ ಅಂಗಿ ಎತ್ತಿ ಝಾಡಿಸಿ ತೊಟ್ಟುಕೊಂಡರು. ಗುಂಡಿ ಹಾಕುತ್ತ, ದನಿ ತಗ್ಗಿಸಿ, ಕೋಣೆಯ ಕಡೆ ಒಂದು ಕಣ್ಣಿಟ್ಟು ಅಂದರು:

“ಒಂದು ಕೆಲಸ ಮಾಡ್ತಿ? ನನ್ನ ಹೆಸರು ಹಿಡದು ಕರಿ.”

“ಏನು?”

“ಅದು ನಿನ್ನ ಕರಿಗೆ ಹುಟ್ಟಿದ್ದು. ನೀ ‘ರೀ’ ಅಂದಿ, ಅದಕ್ಕ ಅದು ಓಗೊಡಾಕ ಕಲೀತು. ಹೆಸರು ಹಿಡದು ನೀ ಯಾವತ್ತೂ ಕರದಿಲ್ಲ. ಆ ಕರಿಗೆ ಉತ್ತರ ಕೊಡೂದು ಅದಕ್ಕ ಇನ್ನೂ ಗೊತ್ತಿಲ್ಲ. ಒಮ್ಮಿ ಕರಿ. ನಾ ಮೊದಲ ಓ ಅಂತೀನಿ. ಅದಕ್ಕಿಂತ ಮೊದಲ ನಾ ಬರ್ತೀನಿ. ಅಷ್ಟಾದ್ರ ಸಾಕು, ನಾ ಉಳೀತೀನಿ.”

“ನನ್ನ ಬಾಯಿಂದ ನಿಮ್ಮ ಆಯುಷ್ಯ ಕಡಿಮಿ ಮಾಡಂತೀರೇನು?”

“ಆಯುಷ್ಯ ಇಟ್ಕೊಂಡು ಏನ ಮಾಡ್ಲಿ? ಅದನ್ನ ಬದುಕಾಕ ಬ್ಯಾರೆಯವರು ಬಂದು ಕುಂತಾರ.”

“ಹುಚ್ಚು ಹಿಡದೈತಿ ನಿಮಗ.”

“ಹಂಗಾರ ಒಡಪಾದ್ರೂ ಹಾಕಿ ಹೇಳು. ಒಡಪಿನಾಗ ನಡೀತೈತಲ್ಲ.”

ಇಷ್ಟು ಹೇಳಿ ಅವರು ಚಪ್ಪಲಿ ಮೆಟ್ಟಿ ಹೊಸ್ತಿಲಾಚೆ ಹೋಗಿ ಒಳಮುಖವಾಗಿ ನಿಂತರು. ಎರಡೂ ಕೈ ಬಾಗಿಲಿನ ಚೌಕಟ್ಟಿಗೆ ಕೊಟ್ಟರು. ಮದುವೆಯ ದಿನ ನಾದಿನಿಯರು ನನ್ನನ್ನು ನಿಲ್ಲಿಸಿದ ಹಾಗೆ ಇವತ್ತು ಅವರನ್ನು ಯಾರೋ ಹೊರಗೆ ನಿಲ್ಲಿಸಿದ್ದರು.

“ಹೆಸರು ಹೇಳು,” ಅಂದರು. ನಗಲು ನೋಡಿದರು. “ಹೆಸರು ಹೇಳು ಸಾವಂತ್ರಿ, ಒಳಗ ಬರ್ತೀನಿ.”

ಹಂಚಿನ ಮೇಲೆ ರೊಟ್ಟಿ ಸುಡುತ್ತಿತ್ತು. ಆಚೆ ಹಜರತಬಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಇಷ್ಟು ವರ್ಷ ಕಾದ ನೌಕರಿ ಸೇತುವೆಯ ಆಚೆ ಇತ್ತು, ಬಸ್ಸಿನ ಹೊತ್ತು ದಾಟುತ್ತಿತ್ತು, ಈ ಮನುಷ್ಯ ಬಾಗಿಲಲ್ಲಿ ನಿಂತು ಒಡಪು ಕೇಳುತ್ತಿದ್ದರು. ನನ್ನ ತಲೆಗೆ ಏರಿಬಿಟ್ಟಿತು.

“ನಾಟಕ ಸಾಕು! ಹೋಗ್ರಿ ಅಂದ್ರ ಹೋಗ್ರಿ!”

ನಾನು ಬೆನ್ನು ಹಾಕಿ ರೊಟ್ಟಿ ತಿರುವಿದೆ. ಅವರು ಇನ್ನೂ ನಿಂತಿದ್ದರು. ಉಸಿರು ಕೇಳುತ್ತಿತ್ತು. ಆಮೇಲೆ ಅಂದರು:

“ಹೋಗ್ತೀನಿ.”

ಮನೆ ಬಿಡುವಾಗ ನಮ್ಮಲ್ಲಿ ಯಾರೂ ಹೋಗ್ತೀನಿ ಅನ್ನುವುದಿಲ್ಲ. ಸಣ್ಣ ಕೂಸಿಗೂ ಕಲಿಸಿರುತ್ತೇವೆ.

“ಹೋಗ್ತೀನಿ ಅನಬಾರದು. ಬರ್ತೀನಿ ಅನ್ರಿ,” ಅಂದೆ. ತಿರುಗದೆಯೇ ಅಂದೆ.

“ಬರೂದು ಅದರ ಕೆಲಸ,” ಅಂದರು. ಮೆಟ್ಟಿಲ ಮೇಲೆ ಎಡಗಾಲು ಎಳೆಯುವ ಸದ್ದು ಇಳಿಯಿತು. ಗೇಟಿನ ಚಿಲಕ ಸರಿಯಿತು.

ಸುಟ್ಟ ರೊಟ್ಟಿಯನ್ನು ಬಿಸಾಡಿ ನಾನು ಬಾಗಿಲಿಗೆ ಓಡಿದೆ. ಹೊರಟವರನ್ನು ಹಿಂದಿನಿಂದ ಕರೆಯಬಾರದು, ಅದೂ ಗೊತ್ತಿತ್ತು. ಅವರು ಗೇಟು ದಾಟಿದ್ದರು, ಮಣ್ಣು ರಸ್ತೆಗೆ ಕಾಲಿಟ್ಟಿದ್ದರು.

“ರೀ!” ಎಂದು ಕೂಗಿದೆ.

“ಬಂದೆ,” ಅಂತ ನನ್ನ ಬೆನ್ನ ಹಿಂದೆ, ಕೋಣೆಯೊಳಗಿನಿಂದ.

ಅವರು ತಿರುಗಲಿಲ್ಲ. ಹೆಜ್ಜೆಯೂ ನಿಲ್ಲಲಿಲ್ಲ. ಆಗ ನಾನು ಹೊಸ್ತಿಲ ಮೇಲೆ ನಿಂತು, ಒಡಪಿಲ್ಲದೆ, ಪ್ರಾಸವಿಲ್ಲದೆ, ಓಣಿಗೆಲ್ಲ ಕೇಳುವ ಹಾಗೆ, ಹಿಂದಿನಿಂದಲೇ ಕೂಗಿದೆ:

“ಹುಲಿಗೆಪ್ಪಾ!”

ಅವರು ಗಕ್ಕನೆ ನಿಂತರು. ತಿರುಗಿದರು. ಮದುವೆಯ ದಿನದ ಆ ನಗು ಅವರ ಮುಖಕ್ಕೆ ಬರತೊಡಗಿತ್ತು, ನಾನು ಕಣ್ಣಾರೆ ನೋಡಿದೆ. ಬಾಯಿ ತೆರೆದರು. ತುಟಿ ಆಡಿತು.

“ಬಂದೆ,” ಎಂಬುದು ಕೇಳಿತು. ಆದರೆ ಕೇಳಿದ್ದು ನನ್ನ ಬೆನ್ನ ಹಿಂದಿನಿಂದ. ತುಂಬಿದ ದನಿ. ಹತ್ತಿರದಿಂದ. ಕೋಣೆಯಿಂದಲ್ಲ, ಅಡುಗೆ ಒಲೆಯ ಪಕ್ಕದಿಂದ.

ಅವರಿಗೂ ಅದು ಕೇಳಿತು. ತೆರೆದ ಬಾಯಿಯನ್ನು ಮುಚ್ಚಿಕೊಂಡರು. ನನ್ನನ್ನು ನೋಡಲಿಲ್ಲ, ನನ್ನ ಹೆಗಲ ಮೇಲಿಂದ ಒಳಗೆ ನೋಡಿದರು. ಅಲ್ಲಿ ಅವರಿಗೆ ಏನು ಕಂಡಿತೋ ನನಗೆ ಗೊತ್ತಿಲ್ಲ, ನಾನು ತಿರುಗಲಿಲ್ಲ. ಬೇರೆಯವರ ಮನೆ ಬಾಗಿಲಿಗೆ ತಪ್ಪಿ ಬಂದವರ ಹಾಗೆ ತಲೆ ತಗ್ಗಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಅವರು ಹೆದ್ದಾರಿಯ ಕಡೆ ನಡೆದರು. ಪಣಜಿ ಬಸ್ಸು ನಿಲ್ಲುವ ಕಡೆಗಲ್ಲ, ಅದರ ಎದುರು ದಿಕ್ಕಿಗೆ. ಕೆಂಪು ಧೂಳು ಎದ್ದಿತ್ತು. ಫ್ಲೈಓವರಿನ ಕಂಬಗಳ ಸಾಲಿನಲ್ಲಿ ಬಿಳಿ ಅಂಗಿ ಒಮ್ಮೆ ಕಂಡಿತು, ಮತ್ತೊಮ್ಮೆ ಕಂಡಿತು, ಒಂದು ಕಂಬದ ಮರೆಗೆ ಹೋಯಿತು. ಆಚೆ ಕಡೆಯಿಂದ ಹೊರಗೆ ಬರಲಿಲ್ಲ.